ಹೊಸ ಸ್ಪ್ರಿಂಗು

“ಮೊದ್ಲು ಮಂಡಿ ಮಡಚ್ರಲಾ. ಬೆನ್ನು ಆಮೇಲೆ,” ಎಂದರು ಮಾದಯ್ಯ.

ಇಬ್ಬರು ಅಮೃತೇಶನ ಕಾಲು ಮಡಚುತ್ತಿದ್ದರು. ಇನ್ನೊಬ್ಬ ಹಿಂದಿನಿಂದ ಕಂಕುಳಿಗೆ ಕೈ ಕೊಟ್ಟು ಹಲಗೆಗೆ ಒರಗಿಸಲು ನೋಡುತ್ತಿದ್ದ. ಮೈಸೂರಿನ ಆಸ್ಪತ್ರೆಯಿಂದ ಬಿಡಿಸಿಕೊಂಡು ನಂಜನಗೂಡಿಗೆ ತರುವಷ್ಟರಲ್ಲಿ ಮೈ ಸೆಟೆದಿತ್ತು. ಮಲಗಿಸಿ ಒಯ್ಯುವ ಪದ್ಧತಿ ಲಿಂಗವಂತರಲ್ಲಿಲ್ಲ. ಕೂತ ಹಾಗೇ ಹೋಗಬೇಕು, ಕೂತ ಹಾಗೇ ಮಣ್ಣಿಗಿಳಿಯಬೇಕು. ಬಿಸಿನೀರಿನಲ್ಲಿ ಅದ್ದಿದ ಟವೆಲನ್ನು ಮಂಡಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿ, ಕೊನೆಗೆ ಕೂರಿಸಿದರು. ಎದೆಗೆ ಬಿಳಿ ಪಂಚೆ ಸುತ್ತಿ ಹಲಗೆಗೆ ಬಿಗಿದರು. ಹಣೆಗೆ ವಿಭೂತಿ ಬಳಿದರು. ಮೂವತ್ತಾರು ವರ್ಷದ ಮುಖ, ಹುಡುಗರು ಗಲಾಟೆ ನಿಲ್ಲಿಸಲಿ ಎಂದು ಕಾಯುತ್ತಿರುವ ಮೇಷ್ಟರ ಮುಖದ ಹಾಗೇ ಇತ್ತು.

“ಎಡಗೈ ಬಿಚ್ತಾ ಇಲ್ವಲ್ಲೋ,” ಎಂದರು ಮಾದಯ್ಯ. ಅಮೃತೇಶನ ದೊಡ್ಡಪ್ಪ, ತಮ್ಮ ಊರು ಹದಿನಾರಿನಿಂದ ಬಂದವರು. “ಲಿಂಗ ಎಲ್ಲಿ ಕೂರ್ಸದು? ಎಳಿ ನೋಡ್ವ.”

ಒಬ್ಬ ಬೆರಳಿಗೆ ಕೈ ಹಾಕಿ ಎಳೆದ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನಯನ ಬಂದು ಕೂತಳು. “ಬಿಡಿ. ಎಳೀಬೇಡಿ,” ಎಂದಳು. ಗಂಡನ ಮುಷ್ಟಿಯನ್ನು ತನ್ನ ಅಂಗೈ ಮೇಲೆ ಇಟ್ಟುಕೊಂಡು ಬಿಸಿ ಬಟ್ಟೆ ಮುಚ್ಚಿದಳು. ಕಾದಳು. ಹೆಬ್ಬೆರಳು ಮೊದಲು ಸಡಿಲವಾಯಿತು. ಆಮೇಲೆ ಒಂದೊಂದಾಗಿ ಉಳಿದವು. ಅಂಗೈ ಮೇಲ್ಮುಖವಾಗಿ ತೊಡೆಯ ಮೇಲೆ ನಿಂತಿತು.

ಅವಳು ಅತ್ತಿರಲಿಲ್ಲ. ಅದನ್ನು ಎಲ್ಲರೂ ಗಮನಿಸಿದ್ದರು.

“ಎರಡು ವರ್ಷದ ಕಾಯಿಲೆಯಂತೆ,” ಗೋಡೆ ಪಕ್ಕ ಕೂತಿದ್ದ ಸೋದರತ್ತೆ ಮಲ್ಲಾಜಮ್ಮ ತನ್ನ ಪಕ್ಕದವಳಿಗೆ ಹೇಳುತ್ತಿದ್ದಳು. “ಗುಂಡ್ಗೆ ದೊಡ್ಡದಾಗಿ ಸಡ್ಲ ಆಗೋಗಿತ್ತಂತೆ. ಡಾಕ್ಟ್ರೇ ಅಂದ್ರಂತೆ.”

“ಜೊತೇಲಿ ಇರೋಳ್ಗೆ ಗೊತ್ತಾಗ್ನಿಲ್ವಾ?”

“ಎಮ್ಮೆಸ್ಸಿ ಕಣವ್ವ ಅವ್ಳು. ಪುಸ್ತಕದಲ್ಲಿ ಬರ್ದಿದ್ರೆ ಗೊತ್ತಾಗಿರೋದು.”

ಮಾತು ಕೇಳಿಸಲಿ ಎಂದೇ ಆಡಿದ್ದು. ನಯನ ಬಟ್ಟೆ ಹಿಂಡಿ ತಂಬಿಗೆಯ ಮೇಲಿಟ್ಟಳು.

ಅತ್ತೆ ಚನ್ನಬಸಮ್ಮ ಮಗನ ಪಾದದ ಹತ್ತಿರ ಕೂತಿದ್ದಳು. ನಸುಕಿನಿಂದ ಅತ್ತು ದನಿ ಹೋಗಿತ್ತು. ಸೊಸೆಯ ಸೆರಗು ಹಿಡಿದು ಹತ್ತಿರಕ್ಕೆ ಎಳೆದುಕೊಂಡಳು.

“ನಂಗೊಂದು ಮಾತು ಯೋಳ್ಬೋದಿತ್ತಲ್ಲ ಮಗಾ.”

“ನನಗೂ ಹೇಳಿರಲಿಲ್ಲ ಅತ್ತೆ.”

“ನಿಂಗೂನಾ?” ಚನ್ನಬಸಮ್ಮ ಅವಳ ಮುಖವನ್ನೇ ನೋಡಿದಳು. “ಭಾನ್ವಾರ ಬೆಳಗ್ಗೆ ಎರಡು ರೊಟ್ಟಿ ತಿಂದ್ನಲ್ಲ. ನಗ್ತಾನೇ ಇದ್ನಲ್ಲ. ನಾನು ನಂಜುಂಡೇಶ್ವರನ ಗುಡೀಗೋಗಿ ಬರೋದ್ರೊಳಗೆ ಮೆಟ್ಟಿಲ ಮೇಲೆ ಏದುಸ್ರು ಬಿಡ್ತಾ ಕೂತಿದ್ದ. ಮಧ್ಯದಲ್ಲಿ ಅದೇನಾಯ್ತು?”

ನಯನಳ ಕಣ್ಣು ಹಿತ್ತಲಿನತ್ತ ಹೋಯಿತು. ಹಿತ್ತಲ ಬಾಗಿಲ ಹಿಂದೆ, ಪೊರಕೆಯ ಪಕ್ಕ, ಕೋವಿ ಗೋಡೆಗೆ ಒರಗಿ ನಿಂತಿತ್ತು. ಭಾನುವಾರ ಅವಸರದಲ್ಲಿ ಅವಳೇ ತಂದು ನಿಲ್ಲಿಸಿದ್ದಳು.

* * *

ಮದುವೆಯಾದ ಮೂರನೇ ತಿಂಗಳು ಅಮೃತೇಶ ಅವಳನ್ನು ಮೈಸೂರಿಗೆ ಕರೆದುಕೊಂಡು ಹೋದ. ಸೀರೆ ಅಂಗಡಿಗೆ ಎಂದುಕೊಂಡಿದ್ದಳು. ಅವನು ನಿಂತದ್ದು ಏರ್‌ಗನ್ ಮಾರುವ ಅಂಗಡಿಯ ಮುಂದೆ. ಅದು ತೊಂಬತ್ತೊಂಬತ್ತನೇ ಇಸವಿ. ನರಸೀಪುರದ ಹೈಸ್ಕೂಲಿನಲ್ಲಿ ಅವನು ಡ್ರಾಯಿಂಗ್ ಮೇಷ್ಟ್ರು. ಎರಡು ವರ್ಷದಿಂದ ಒಂದು ಕೋವಿಗಾಗಿ ಆಸೆ ಇಟ್ಟುಕೊಂಡಿದ್ದನಂತೆ.

ಅಂಗಡಿಯವನು ಉದ್ದನೆಯದೊಂದನ್ನು ಮೇಜಿನ ಮೇಲಿಟ್ಟ. “ಇದು ತಗೊಳ್ಳಿ ಸಾರ್. ಮಂಗ ಒಂದೇ ಏಟಿಗೆ ಮರ ಇಳೀತದೆ.”

“ನಮ್ಮ ಮನೇಲಿ ಮಂಗ ಇಲ್ಲ.”

“ಮತ್ತೆ ಏನು ಹೊಡೀತೀರಿ?”

“ಕಾಗದ.”

ಅಂಗಡಿಯವನು ನಯನಳ ಕಡೆ ನೋಡಿದ. ಅವಳು ನಗು ತಡೆದುಕೊಂಡಳು.

ಅಮೃತೇಶ ಗಂಟೆಗಟ್ಟಲೆ ಆರಿಸಿದ. ಪ್ರತಿಯೊಂದರ ನಳಿಗೆಯನ್ನೂ ಬಗ್ಗಿಸಿ ಕೀಲು ಅಲುಗಾಡುತ್ತದೆಯೇ ಎಂದು ನೋಡಿದ. ಸ್ಪ್ರಿಂಗಿನ ಕೋವಿಗೆ ಮದ್ದು ಬೇಡ. ನಳಿಗೆ ಬಗ್ಗಿಸಿದಾಗ ಒಳಗೆ ಸ್ಪ್ರಿಂಗ್ ಅದುಮಿಕೊಳ್ಳುತ್ತದೆ, ಟ್ರಿಗರ್ ಒತ್ತಿದಾಗ ಚಿಮ್ಮಿ ಗಾಳಿಯನ್ನು ತಳ್ಳುತ್ತದೆ. ಆ ಗಾಳಿ ಕೀಲಿನಲ್ಲಿ ಸೋರಬಾರದು. ಅವನು ತೆಳ್ಳನೆಯ ಕಾಗದದ ಚೂರೊಂದನ್ನು ಕೀಲಿನ ಮೇಲಿಟ್ಟು ಹೊಡೆದ. ಎರಡು ಕೋವಿಗಳಲ್ಲಿ ಚೂರು ಹಾರಿತು. ಮೂರನೆಯದರಲ್ಲಿ ಕದಲಲಿಲ್ಲ. ಅದರ ಮರದ ಹಿಡಿಯ ಮೇಲೆ ಉದ್ದ ಗೀರು ಇತ್ತು. ಅದನ್ನೇ ತೆಗೆದುಕೊಂಡ.

“ದೊಡ್ಡದು ಇನ್ನೂ ಜೋರಾಗಿ ಹೊಡೀತಿತ್ತಲ್ಲ,” ಎಂದಳು ಬಸ್ಸಿನಲ್ಲಿ.

“ಗುರಿಗೆ ಜೋರು ಬೇಡ. ಪ್ರತಿ ಸಲವೂ ಒಂದೇ ಸಮ ಹೊಡೀಬೇಕು. ಅಷ್ಟೆ.”

ಮನೆಯಲ್ಲಿ ಚನ್ನಬಸಮ್ಮ ಹೊಸಿಲಲ್ಲೇ ತಡೆದಳು. “ಲಿಂಗವಂತ್ರ ಮನೇಲಿ ಕೋವಿಯೇನ್ಲಾ? ನಿಮ್ಮಪ್ಪ ಇರುವೆಗೆ ಸಕ್ರೆ ಹಾಕ್ತಿದ್ರು.”

“ಕಾಗದ ಬಿಟ್ಟು ಬೇರೇನೂ ಹೊಡೆಯಲ್ಲ ಕಣವ್ವ. ಲಿಂಗ ಮುಟ್ಟಿ ಹೇಳ್ತೀನಿ.”

ಮುಟ್ಟಿ ಹೇಳಿದ ಮೇಲೇ ಕೋವಿ ಒಳಗೆ ಬಂತು.

ಹಳೆಯ ಪ್ರಶ್ನೆಪತ್ರಿಕೆಗಳ ಹಿಂಬದಿಯಲ್ಲಿ ಕೈವಾರದಿಂದ ಹತ್ತು ವೃತ್ತ ಬರೆಯುತ್ತಿದ್ದ. ನಡುವಿನದಕ್ಕೆ ಕಪ್ಪು ಮಸಿ ತುಂಬುತ್ತಿದ್ದ. ಹಿತ್ತಲ ಕೊನೆಗೆ, ನುಗ್ಗೆಮರದ ಆಚೆ, ಮರಳು ತುಂಬಿದ ಸೀಮೆಎಣ್ಣೆ ಡಬ್ಬ ಇಟ್ಟು ಅದರ ಮುಂದೆ ಕಾಗದ ಸಿಕ್ಕಿಸುತ್ತಿದ್ದ. ಮೆಟ್ಟಿಲಿನಿಂದ ಸರಿಯಾಗಿ ಇಪ್ಪತ್ತು ಹೆಜ್ಜೆ. ಭಾನುವಾರ ಬೆಳಗ್ಗೆ ಇಬ್ಬರೂ ಸರದಿಯಲ್ಲಿ ಹೊಡೆಯುತ್ತಿದ್ದರು. ಮೊದಮೊದಲು ಅವಳ ಗುಂಡುಗಳು ಕಾಗದಕ್ಕೂ ತಾಗುತ್ತಿರಲಿಲ್ಲ.

“ಹಿಡೀಬೇಡ,” ಎಂದ. “ಬಿಗಿಯಾಗಿ ಹಿಡಿದಷ್ಟೂ ಅದುರುತ್ತೆ. ಎಡಗೈ ಬಿಚ್ಚು. ಅಂಗೈ ಮೇಲೆ ಸುಮ್ಮನೆ ಕೂರಿಸು.”

“ಹೇಗೆ?”

“ಲಿಂಗ ಕೂರಿಸ್ಕೊಳ್ಳೋ ಹಾಗೆ.”

“ಏನಂದ್ಯೋ?” ಎಂದು ಒಳಗಿನಿಂದ ಚನ್ನಬಸಮ್ಮ.

“ಏನಿಲ್ಲವ್ವ!”

ಆಟ ಮುಗಿದ ಮೇಲೆ ಒಂದು ನಿಯಮವಿತ್ತು. ಸ್ಪ್ರಿಂಗನ್ನು ಅದುಮಿಟ್ಟು ಹೋಗಬಾರದು. ಕೊನೆಯ ಗುಂಡನ್ನು ಹೊಡೆದೇ ಒಳಗಿಡಬೇಕು. “ಹಾಗೇ ಬಿಟ್ಟರೆ ಸ್ಪ್ರಿಂಗ್ ಸೋಲುತ್ತೆ,” ಎನ್ನುತ್ತಿದ್ದ.

* * *

ಹನ್ನೊಂದು ಗಂಟೆಗೆ ರಾಜೇಂದ್ರ ಬಂದ. ನರಸೀಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಪಂಪ್ ಸ್ಟವ್, ಗ್ಯಾಸ್‌ಲೈಟು ರಿಪೇರಿ ಮಾಡುವವನು. ಸ್ಟವ್ ಪಂಪಿಗೆ ಹಾಕುವ ಚರ್ಮದ ವಾಷರನ್ನೇ ಕೋವಿಗೂ ಅಳತೆಗೆ ಕತ್ತರಿಸಿ, ಹರಳೆಣ್ಣೆಯಲ್ಲಿ ನೆನೆಹಾಕಿ ಕೊಡುತ್ತಿದ್ದ. ಆ ವಾಷರಿನಿಂದಲೇ ಮೇಷ್ಟರ ಸ್ನೇಹವಾಗಿತ್ತು. ಈ ಮನೆಗೆ ಅವನು ಯಾವಾಗಲೂ ಓಣಿಯ ಕಡೆಯಿಂದ ಹಿತ್ತಲಿಗೇ ಬರುತ್ತಿದ್ದ. ಮುಂದಿನಿಂದ ಬನ್ನಿ ಎಂದು ಅಮೃತೇಶ ಎಷ್ಟು ಹೇಳಿದರೂ ಬಂದಿರಲಿಲ್ಲ. ಇವತ್ತೂ ಹಿತ್ತಲಿಗೇ ಬಂದ. ಬಾಗಿಲಲ್ಲಿ ನಿಂತು ಕೂತಿದ್ದ ದೇಹವನ್ನು ನೋಡಿ ಕೈ ಮುಗಿದು, ಹಿಂದೆ ಸರಿದು, ಒಗೆಯುವ ಕಲ್ಲಿನ ಹತ್ತಿರ ನಿಂತ.

ನಯನ ಹೊರಗೆ ಬಂದಳು.

“ಅಕ್ಕಾ,” ಎಂದ. “ಒಂದು ಬಿಸ್ಕತ್ ಡಬ್ಬ ಐತಲ್ಲ. ವಾಷರು, ಎಣ್ಣೆ ಎಲ್ಲ ಮಡಗ್ತಿದ್ರು. ಅದ ಕೊಟ್ಬುಡಿ, ತಕ್ಕಂಡೋಯ್ತೀನಿ.”

“ಇವತ್ತೇ ಬೇಕಾ?”

“ಮೇಷ್ಟ್ರು ಯೋಳಿದ್ರು. ಏನಾರ ಆದ್ರೆ ಮೊದ್ಲು ಆ ಡಬ್ಬ ಎತ್ಕಂಡೋಗು ಅಂತ.”

“ಏನಾದರೂ ಆದರೆ ಅಂತ? ಯಾವಾಗ ಹೇಳಿದ್ದರು?”

ರಾಜೇಂದ್ರ ತಲೆ ತಗ್ಗಿಸಿದ.

ಅವಳು ಒಳಗೆ ಹೋಗಿ ಡಬ್ಬ ತಂದಳು. ಅವನ ಕೈಗೆ ಕೊಡಲಿಲ್ಲ. ಒಗೆಯುವ ಕಲ್ಲಿನ ಮೇಲಿಟ್ಟು ತೆರೆದಳು. ವಾಷರುಗಳು, ಹರಳೆಣ್ಣೆ ಸೀಸೆ, ಒಂದು ಅರ. ಕೆಳಗೆ ಪ್ರಶ್ನೆಪತ್ರಿಕೆಯ ಪೊಟ್ಟಣದಲ್ಲಿ ಉಕ್ಕಿನ ತಂತಿಯ ಐದು ಉಂಗುರ. ತುದಿಗಳನ್ನು ನುಣ್ಣಗೆ ಉಜ್ಜಿತ್ತು.

“ಇದನ್ನ ನಾನು ನೋಡಿದೀನಿ. ಟ್ಯೂನ್ ಮಾಡಿದಾಗ ಉಳಿದ ಚೂರು ಅಂದಿದ್ದರು.”

“ಹ್ಞೂಂ.”

“ರಾಜೇಂದ್ರ, ಹೇಳಿ.”

ಅವನು ಕೂತ. ಒಳಗೆ ಭಜನೆಯವರು ತಾಳ ಸರಿಮಾಡಿಕೊಳ್ಳುತ್ತಿದ್ದರು.

“ಎಲ್ಡು ವರ್ಸ ಆಯ್ತು ಅಕ್ಕಾ. ಒಂದಿನ ಕೋವಿ ಎತ್ಕಂಡು ಅಂಗ್ಡೀಗೆ ಬಂದ್ರು. ಎದೆ ಚೆನ್ನಾಗಿಲ್ವಂತೆ ಕಣೋ ರಾಜೇಂದ್ರ, ಭಾರ ಎತ್ಬ್ಯಾಡ, ಬಲ ಬುಡ್ಬ್ಯಾಡ ಅಂದವ್ರೆ ಡಾಕ್ಟ್ರು, ನಳಿಗೆ ಬಗ್ಸಕ್ಕೆ ಆಯ್ತಿಲ್ಲ ಅಂದ್ರು. ಅಂಗಾರೆ ಇದ ಬುಟ್ಬುಡಿ ಮೇಷ್ಟ್ರೇ ಅಂದೆ. ಬುಟ್ರೆ ಅವ್ಳಿಗೆ ಗೊತ್ತಾಯ್ತದೆ ಅಂದ್ರು.” ಅವನು ಉಂಗುರಗಳನ್ನು ಬೆರಳಿನಿಂದ ಸರಿಸಿದ. “ಸ್ಪ್ರಿಂಗಲ್ಲಿ ಒಂದು ಸುತ್ತು ಕತ್ರುಸ್ದೆ. ಅಗೂರಾಯ್ತು. ಐದಾರು ತಿಂಗ್ಳು ಬುಟ್ಟು ತಿರ್ಗಾ ಬಂದ್ರು. ಇನ್ನೊಂದ. ಇಂಗೇ ಐದು. ಓದ ತಿಂಗ್ಳು ಕೊನೇದು. ಚಿಕ್ ಮಗೂನೂ ಬಗ್ಗುಸ್ಬೋದು, ಅಂಗ್ ಮಾಡಿ ಕೊಟ್ಟಿದ್ದೆ.”

ನಯನ ಒಂದೊಂದಾಗಿ ಉಂಗುರಗಳನ್ನು ನೋಡಿದಳು.

ಡಬ್ಬದ ತಳದಲ್ಲಿ ಇನ್ನೊಂದು ಪೊಟ್ಟಣವಿತ್ತು. ಮೈಸೂರಿನ ದಿನಪತ್ರಿಕೆಯ ಹಾಳೆ. ರಾಜೇಂದ್ರ ಬಿಚ್ಚಿದ. ಗಿಡ್ಡನೆಯ ಸ್ಪ್ರಿಂಗ್. ಅವನು ಅದನ್ನು ಗುರುತಿಸಿದ. ತುದಿಯಲ್ಲಿ ಅವನದೇ ಅರದ ಗುರುತು. ತಿರುಗಿಸಿ ತಿರುಗಿಸಿ ನೋಡಿದ.

“ಇದು ಇಲ್ಲೈತಲ್ಲ,” ಎಂದ. “ಕೋವಿ ಒಳಗೆ ಏನೈತೆ ಅಕ್ಕಾ?”

“ಹೊಸದು,” ಎಂದಳು ನಯನ. “ನಾನು ಹಾಕಿಸಿದೆ.”

* * *

ಅವಳು ಗಮನಿಸಿದ್ದಳು. ಗಮನಿಸಿರಲಿಲ್ಲ ಎಂದು ಯಾರೂ ಹೇಳುವಂತಿಲ್ಲ.

ಮೊದಲ ವರ್ಷ ಬಟ್ಟೆ ಒಗೆಯುವ ಬಾರ್ ಸೋಪಿಗೆ ಹೊಡೆದು, ಗುಂಡು ಎಷ್ಟು ಆಳ ಹೋಯಿತೆಂದು ಕಡ್ಡಿಯಿಂದ ಅಳೆದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಳು. ಭೌತಶಾಸ್ತ್ರ ಓದಿದವಳ ಆಟ. ಮುಂದಿನ ವರ್ಷ ಆಳ ಕಡಿಮೆಯಾಯಿತು. ಅದರ ಮುಂದಿನ ವರ್ಷ ಅರ್ಧಕ್ಕಿಳಿಯಿತು. ಇಪ್ಪತ್ತು ಹೆಜ್ಜೆ ಹದಿನೆಂಟಾಯಿತು, ಹದಿನೈದಾಯಿತು. ಸೀಮೆಎಣ್ಣೆ ಡಬ್ಬ ನುಗ್ಗೆಮರದ ಈಚೆಗೆ ಬಂತು. ಕೊನೆಗೆ ಹತ್ತಕ್ಕೆ ಬಂದು ನಿಂತಿತು.

“ಯಾಕೆ ಹತ್ತಿರ ತರ್ತಿದೀರಿ?” ಎಂದು ಕೇಳಿದ್ದಳು.

“ನಿಜವಾದ ಸ್ಪರ್ಧೆ ಹತ್ತು ಮೀಟರಿಂದೇ ಕಣೇ. ದೂರದಲ್ಲಿ ಹೊಡೆಯೋದು ಮಂಗ ಓಡಿಸೋರು.”

ಅವಳು ನಂಬಿದ್ದಳು. ಕೋವಿಯೇ ಸೊರಗುತ್ತಿದೆ, ರಾಜೇಂದ್ರನಿಗೆ ಸ್ಟವ್ ಬಿಟ್ಟರೆ ಬೇರೆ ಏನೂ ತಿಳಿಯದು, ಇವರು ಸಂಕೋಚಕ್ಕೆ ಅವನ ಹತ್ತಿರವೇ ಹೋಗುತ್ತಾರೆ ಎಂದು ತೀರ್ಮಾನಿಸಿದ್ದಳು. ಕಳೆದ ಗುರುವಾರ ಅವನು ಸ್ಕೂಲಿಗೆ ಹೋದ ಮೇಲೆ ಕೋವಿಯನ್ನು ಹಾಸಿಗೆ ಹೊದಿಕೆಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದಳು. ಅಂಗಡಿಯ ಮೆಕ್ಯಾನಿಕ್ಕು ಹಳೆ ಸ್ಪ್ರಿಂಗ್ ತೆಗೆದು ನೋಡಿ ನಕ್ಕ.

“ಯಾರು ಮೇಡಂ ಇದನ್ನ ಹಿಂಗೆ ಕತ್ತರಿಸಿ ಹಾಳು ಮಾಡಿದೋರು?”

“ಗೊತ್ತಿಲ್ಲದೋರು,” ಎಂದಿದ್ದಳು ಅವಳು.

ಭಾನುವಾರ ಬೆಳಗ್ಗೆ, ಚನ್ನಬಸಮ್ಮ ಗುಡಿಗೆ ಹೋದ ಮೇಲೆ, ಅವಳು ಮರಳಿನ ಡಬ್ಬವನ್ನು ಎಳೆದುಕೊಂಡು ಹೋಗಿ ಇಪ್ಪತ್ತು ಹೆಜ್ಜೆಯ ಹಳೆ ಜಾಗದಲ್ಲಿ ಇಟ್ಟಳು. ಕೋವಿ ತಂದು ಕೊಟ್ಟಳು.

“ಬಗ್ಗಿಸಿ ನೋಡಿ.”

ಅವನು ಎಂದಿನ ಹಾಗೆ ನಳಿಗೆಗೆ ಕೈ ಹಾಕಿದ. ಅದು ಬಗ್ಗಲಿಲ್ಲ. ಅವನು ತಲೆಯೆತ್ತಿ ಅವಳನ್ನು ನೋಡಿದ. ಅವಳು ನಗುತ್ತಿದ್ದಳು.

“ಹೊಸ ಸ್ಪ್ರಿಂಗು. ಮೈಸೂರಿಗೆ ಹೋಗಿ ನಾನೇ ಹಾಕಿಸ್ಕೊಂಡು ಬಂದೆ. ಮೊದಲಿನ ಹಾಗೇ ಆಗಿದೆ.”

ಅವನು ಸ್ವಲ್ಪ ಹೊತ್ತು ಕೋವಿಯನ್ನೇ ನೋಡಿದ. ಆಮೇಲೆ ಅದರ ಹಿಡಿಯನ್ನು ತೊಡೆಗೆ ಕೊಟ್ಟು, ಎರಡೂ ಕೈಯಿಂದ ಬಗ್ಗಿಸಿದ.

“ಚೆನ್ನಾಗಿದೆ,” ಎಂದ.

“ನೀವು ಒಬ್ಬರೇ ಹೊಡೀರಿ ಇವತ್ತು. ಹತ್ತೂ.”

ಅವನು ಹತ್ತು ಹೊಡೆದ. ಅವಳು ಎಣಿಸಿದಳು. ಪ್ರತಿ ಸಲವೂ ಚೆನ್ನಾಗಿದೆ ಎಂದು ಅವನ ಮುಖ ಹೇಳುತ್ತಿತ್ತು. ಹಣೆಯ ಬೆವರನ್ನು ಅವಳು ಬಿಸಿಲಿಗೆ ಎಂದುಕೊಂಡಳು. “ಇನ್ನೊಂದು, ನನಗೋಸ್ಕರ,” ಎಂದಳು. ಅವನು ಹನ್ನೊಂದನೆಯ ಸಲ ಬಗ್ಗಿಸಿದ, ಗುಂಡು ಹಾಕಿದ, ನಳಿಗೆ ಮುಚ್ಚಿದ. ಕೋವಿಯನ್ನು ಎತ್ತಲಿಲ್ಲ. ಗೋಡೆಗೆ ಒರಗಿಸಿದ.

“ಒಂದು ನಿಮಿಷ ಕೂತ್ಕೋತೀನಿ,” ಎಂದ.

* * *

“ಎಷ್ಟು ಏಟು ಒಡುದ್ರು?” ಎಂದು ಕೇಳಿದ ರಾಜೇಂದ್ರ.

“ಹತ್ತು. ಹನ್ನೊಂದನೇದು ಒಳಗೇ ಇದೆ.”

ಅವನು ಹಳೆ ಸ್ಪ್ರಿಂಗನ್ನು ಪೇಪರಿನಲ್ಲಿ ಸುತ್ತಿದ. ಸುತ್ತಲು ಬಹಳ ಹೊತ್ತು ತೆಗೆದುಕೊಂಡ.

“ಅದ್ರಿಂದ ಅಲ್ಲ ಅಕ್ಕಾ,” ಎಂದ, ಪೊಟ್ಟಣವನ್ನೇ ನೋಡುತ್ತ. “ಆಗೋದು ಆಗೋ ಟೈಮ್ಗೆ ಆಯ್ತದೆ.”

ನಯನ ಐದು ಉಂಗುರಗಳನ್ನು ಡಬ್ಬಕ್ಕೆ ಹಾಕಿದಳು.

ಅವನು ಡಬ್ಬ ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡ. ಓಣಿಯ ಬಾಗಿಲವರೆಗೆ ಹೋಗಿ ತಿರುಗಿ ಬಂದ. “ಯಾರ್ಗೂ ಯೋಳ್ಬ್ಯಾಡಿ. ನಾನೂ ಯೋಳಲ್ಲ.”

ಅದರಿಂದ ಅಲ್ಲದಿದ್ದರೆ, ಯಾರಿಗೂ ಹೇಳಬಾರದ್ದು ಏನಿತ್ತು?

ಎರಡು ಗಂಟೆಗೆ ಟೆಂಪೊ ಹದಿನಾರಿಗೆ ಹೊರಟಿತು. ಅಮೃತೇಶ ಹೂವು ಕಟ್ಟಿದ ಕುರ್ಚಿಯಲ್ಲಿ ಕೂತಿದ್ದ. ರಸ್ತೆ ಕೆಟ್ಟಲ್ಲಿ ತಲೆ ಅಲುಗಾಡುತ್ತಿತ್ತು. ಮಾದಯ್ಯ ಹಿಂದಿನಿಂದ ಗದ್ದಕ್ಕೆ ಕೈ ಕೊಟ್ಟು ಹಿಡಿದಿದ್ದರು. ಹೊಲದ ಅಂಚಿನಲ್ಲಿ, ಅವನ ತಂದೆಯ ಸಮಾಧಿಯ ಪಕ್ಕ, ಗುಣಿ ತೆಗೆದಿದ್ದರು. ಅದರ ಪಕ್ಕದ ಗೋಡೆಯಲ್ಲಿ ಒಬ್ಬ ಮನುಷ್ಯ ಕೂರುವಷ್ಟು ಗೂಡು. ಮಠದ ಅಯ್ನೋರು ಗುಣಿಗಿಳಿದರು. ಬಿಲ್ವಪತ್ರೆ, ವಿಭೂತಿ ಗಟ್ಟಿ ಒಂದೊಂದಾಗಿ ಇಳಿಸಿದರು. ಅಮೃತೇಶನ ಕೊರಳ ಲಿಂಗವನ್ನು ಬಿಚ್ಚಿ ಎಡ ಅಂಗೈ ಮೇಲೆ ಇಟ್ಟರು. ಅದು ಅಲುಗಾಡದೆ ಕೂತಿತು.

“ಕೈ ಚೆಂದಾಗಿ ಬಿಚ್ಕಂಡದೆ,” ಎಂದರು ಅಯ್ನೋರು ಮೇಲಕ್ಕೆ ನೋಡಿ.

ಮಾದಯ್ಯ ಸೊಸೆಯ ಕಡೆ ಕೈ ತೋರಿಸಿದರು. “ನಮ್ಮ ಹುಡ್ಗಿ ಬಿಚ್ಚಿದ್ದು.”

ನಯನ ಮಣ್ಣು ಹಾಕಿದಳು. ಮೊದಲ ಹಿಡಿ ಅವನ ಭುಜಕ್ಕೆ ಬಿತ್ತು.

* * *

ತಿರುಗಿ ಬಂದಾಗ ಐದು ಗಂಟೆ. ದೇಹ ಕೂರಿಸಿದ್ದ ಜಾಗವನ್ನು ಸಾರಿಸಿ ದೀಪ ಹಚ್ಚಿಟ್ಟಿದ್ದರು. ಮಣ್ಣಿಗೆ ಹೋಗಿದ್ದವರು ಹಿತ್ತಲಲ್ಲಿ ಸ್ನಾನ ಮಾಡಿ, ಒದ್ದೆ ಮೈಯಲ್ಲೇ ಬಂದು ದೀಪ ನೋಡಿ ಹೋಗುತ್ತಿದ್ದರು.

ರಾಜೇಂದ್ರ ಮತ್ತೆ ಓಣಿಯ ಬಾಗಿಲಲ್ಲಿ ನಿಂತಿದ್ದ. “ಗುಂಡು ಒಳಗೇ ಐತೆ ಅಂದ್ರಲ್ಲ ಅಕ್ಕಾ. ಜನ ಓಡಾಡೋ ಮನೆ. ಮರಳ್ಗೆ ಒಂದು ಏಟು ಬುಟ್ಟು ಖಾಲಿ ಮಾಡ್ಲಾ?”

“ಬೇಡ. ಹೊಡೀಬೇಡಿ.”

“ಅಂಗೇ ಬುಟ್ರೆ ಸ್ಪ್ರಿಂಗು ಸೋಲ್ತದೆ.”

“ಸೋಲಲಿ.”

ಅವನು ಅವಳ ಮುಖ ನೋಡಿದ. ಹಿತ್ತಲ ಬಾಗಿಲ ಹಿಂದಿನಿಂದ ಕೋವಿ ತೆಗೆದು ನಳಿಗೆ ಬಗ್ಗಿಸಿದ. ಸ್ಪ್ರಿಂಗ್ ಆಗಲೇ ಅದುಮಿದ್ದರಿಂದ ಬಲ ಬೇಕಾಗಲಿಲ್ಲ. ಕತ್ತು ಸೋತ ಹಾಗೆ ಬಾಗಿತು. ನಳಿಗೆಯ ಬಾಯೊಳಗೆ ಕಡ್ಡಿ ತೂರಿಸಿ ಗುಂಡನ್ನು ಹಿಂದಕ್ಕೆ ತಳ್ಳಿದ. ಸೀಸದ ಪುಟ್ಟ ಗುಂಡು ಅವಳ ಅಂಗೈ ಮೇಲೆ ಬಿತ್ತು. ಅವನು ನಳಿಗೆ ಮುಚ್ಚಿ ಕೋವಿಯನ್ನು ಇದ್ದಲ್ಲೇ ಒರಗಿಸಿದ. ಹೇಳದೆ ಹೋದ.

ಚನ್ನಬಸಮ್ಮ ದೀಪಕ್ಕೆ ಎಣ್ಣೆ ಹಾಕುತ್ತಿದ್ದಳು. ನಯನ ಪಕ್ಕದಲ್ಲಿ ಕೂತಳು.

“ಅತ್ತೆ, ಭಾನುವಾರ ಏನಾಯ್ತು ಅಂತ ಕೇಳಿದಿರಲ್ಲ.”

“ಹ್ಞೂಂ ಮಗಾ.”

“ಅವರ ಕೋವಿಗೆ ನಾನು ಹೊಸ ಸ್ಪ್ರಿಂಗ್ ಹಾಕಿಸಿ ತಂದಿದ್ದೆ. ಅದನ್ನ ಬಗ್ಗಿಸೋಕೆ ತುಂಬ ಬಲ ಬೇಕು. ಹನ್ನೊಂದು ಸಲ ಬಗ್ಗಿಸಿದರು. ನಾನೇ ಬಗ್ಗಿಸಿ ಅಂದೆ.”

ಚನ್ನಬಸಮ್ಮ ಎಣ್ಣೆಯ ಕೈಯನ್ನು ತಲೆಗೆ ಒರೆಸಿಕೊಂಡಳು. ಸೊಸೆ ಹೇಳಿದ್ದನ್ನು ಮನಸ್ಸಿನಲ್ಲಿ ತಿರುಗಿಸಿ ನೋಡುತ್ತಿರುವಂತೆ ಕಂಡಿತು. ಆಮೇಲೆ ಅವಳ ಮುಖ ಬೆಳಗಿನಿಂದ ಮೊದಲ ಬಾರಿಗೆ ಸಡಿಲವಾಯಿತು.

“ಹೊಸಾದು ಹಾಕ್ಸಿ ಕೊಟ್ಟಿದ್ಯಾ?” ಎಂದಳು. “ನನ್ ಮಗ ಎಷ್ಟು ಆಸೆಪಟ್ಟಿದ್ದ ಸಾಮಾನು. ಕೊನೇಲಿ ಒಂದು ಖುಷಿ ಕೊಟ್ಟು ಕಳ್ಸಿದ್ಯಲ್ಲವ್ವ. ಅಷ್ಟೇ ಸಾಕು ನಂಗೆ.” ಸೊಸೆಯ ಕೆನ್ನೆ ಸವರಿ, ಮಲ್ಲಾಜಮ್ಮನಿಗೂ ಕೇಳುವಂತೆ ಹೇಳಿದಳು, “ಒಳ್ಳೇದೇ ಮಾಡಿದ್ದೀಯ ಕಣವ್ವ.”

ಮಲ್ಲಾಜಮ್ಮ ತಲೆದೂಗಿದಳು.

ನಯನ ಎದ್ದು ಹಿತ್ತಲ ಬಾಗಿಲಿಗೆ ಹೋದಳು. ಇಪ್ಪತ್ತು ಹೆಜ್ಜೆ ಆಚೆ ಕಾಗದ ಇನ್ನೂ ಡಬ್ಬಕ್ಕೆ ಅಂಟಿಕೊಂಡಿತ್ತು. ಯಾರೂ ಅದನ್ನು ತೆಗೆದಿರಲಿಲ್ಲ. ಸ್ನಾನ ಮುಗಿಸಿದವರು ಹೊರಟಿದ್ದರು. ಬಾಗಿಲ ಹಿಂದೆ ಕೋವಿ ನಿಂತಿತ್ತು. ಸ್ಪ್ರಿಂಗ್ ಒಳಗೆ ಅದುಮಿಕೊಂಡಿದೆ ಎಂದು ಹೊರಗಿನಿಂದ ನೋಡಿದರೆ ತಿಳಿಯುವಂತಿರಲಿಲ್ಲ. ಗೂಟವೆಂದುಕೊಂಡು ಯಾರೋ ಅದರ ನಳಿಗೆಗೆ ಒದ್ದೆ ಟವೆಲ್ ನೇತುಹಾಕಿ ಹೋಗಿದ್ದರು. ಅದರಿಂದ ನೀರು ಹಿಡಿಯ ಮೇಲಿನ ಗೀರಿಗುಂಟ ಇಳಿದು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.